ಸರ್ವರ್ ತನ್ನ ಸಂರಚನಾ ಕಡತವನ್ನು ಎಲ್ಲಿ ಹುಡುಕಬೇಕು, ಹೇಗೆ ಓದಬೇಕು

ಮಾಹಿತಿ ತಂತ್ರಜ್ಞಾನದ ತರಗತಿಯಲ್ಲಿ ಸರ್ವರ್ ಎಂದರೇನು ಎಂಬುದನ್ನು ವಿವರಿಸುವುದು ಕಷ್ಟವಲ್ಲ. ಇತರ ಗಣಕಯಂತ್ರಗಳು ಕೇಳಿದುದನ್ನು ಒದಗಿಸಲು ಸದಾ ಸಿದ್ಧವಾಗಿ, ಪರದೆಯ ಮೇಲೆ ಕಾಣಿಸಿಕೊಳ್ಳದೆ ಹಿನ್ನೆಲೆಯಲ್ಲಿ ನಡೆಯುತ್ತಿರುವ ತಂತ್ರಾಂಶವೇ ಸರ್ವರ್. ಜಾಲಪುಟಗಳನ್ನು ಒದಗಿಸುವ ಅಪಾಚೆ ಮತ್ತು ಎಂಜಿನ್‌ಎಕ್ಸ್, ದತ್ತಾಂಶವನ್ನು ಕಾಪಿಡುವ ಮೈಎಸ್‌ಕ್ಯುಎಲ್ ಮತ್ತು ಪೋಸ್ಟ್‌ಗ್ರೆಸ್‌ಕ್ಯುಎಲ್ ಈ ವರ್ಗಕ್ಕೆ ಸೇರಿದವು. ಕಷ್ಟವು ಎದುರಾಗುವುದು ಮುಂದಿನ ಪ್ರಶ್ನೆಯಲ್ಲಿ. ಅದು ಹೇಗೆ ವರ್ತಿಸಬೇಕೆಂಬುದನ್ನು ಅದಕ್ಕೆ ತಿಳಿಸುವವರು ಯಾರು? ಎದುರಿಗೆ ಕುಳಿತು ಗುಂಡಿ ಒತ್ತುವವರಿಲ್ಲದ ತಂತ್ರಾಂಶಕ್ಕೆ ಆದೇಶವು ಬರಹದಲ್ಲಿಯೇ ಇರಬೇಕಾಗುತ್ತದೆ. ಆ ಬರಹವಿರುವ ಕಡತವನ್ನು ಲ್ಯಾಬಿನಲ್ಲಿ ಕಾನ್ಫಿಗರೇಶನ್ ಫೈಲ್ ಎಂದು ಕರೆಯುವುದು ರೂಢಿ. ಈ ಲೇಖನದಲ್ಲಿ ಅದನ್ನು ಸಂರಚನಾ ಕಡತವೆಂದು ಕರೆಯೋಣ.

2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಹೆಸರಿನಿಂದ ಆರಂಭವಾಗಿ 2017ರಲ್ಲಿ ಕೈಟ್ ಆಗಿ ರೂಪುಗೊಂಡ ಯೋಜನೆಯ ಫಲವಾಗಿ ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಗ್ನೂ/ಲಿನಕ್ಸ್ ವ್ಯವಸ್ಥೆಯು ಬಳಕೆಯಲ್ಲಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದಕ್ಕೆ ಹೊರತಲ್ಲ. ಮೇಲೆ ಹೆಸರಿಸಿದ ಸರ್ವರ್‌ಗಳೆಲ್ಲ ಈ ವ್ಯವಸ್ಥೆಯಲ್ಲಿ ಹಣ ಕೊಡದೆ ಅಳವಡಿಸಿಕೊಳ್ಳಬಹುದಾದವು. ಆದುದರಿಂದ ಇಲ್ಲಿ ಹೇಳುವುದನ್ನೆಲ್ಲ ಅಧ್ಯಾಪಕರು ತಮ್ಮ ಲ್ಯಾಬಿನ ಹಳೆಯ ಯಂತ್ರವೊಂದರಲ್ಲಿಯೇ ಮಾಡಿ ನೋಡಬಹುದು. ಕಡತಗಳ ಮತ್ತು ಆಜ್ಞೆಗಳ ಹೆಸರುಗಳನ್ನು ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಯಂತ್ರದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಹುಡುಕುವ ಸ್ಥಳ

ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಮೂಲಕೋಶದ ಕೆಳಗೆ ‘ಇಟಿಸಿ’ ಎಂಬ ಕಡತಕೋಶವಿರುತ್ತದೆ. ‘ಇತ್ಯಾದಿ’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು ಅದು. ಎಲ್ಲಿಯೂ ಸೇರದ ವಸ್ತುಗಳನ್ನು ಹಾಕಿಡುವ ಮೂಲೆಯಾಗಿದ್ದ ಆ ಕೋಶವು ಕಾಲಕ್ರಮದಲ್ಲಿ ಆ ಯಂತ್ರಕ್ಕೆ ಮಾತ್ರ ಸಂಬಂಧಿಸಿದ ಸಂರಚನಾ ಕಡತಗಳ ನೆಲೆಯಾಯಿತು. ಲಿನಕ್ಸ್ ವಿತರಣೆಗಳು ಬೇರೆ ಬೇರೆ ದಾರಿ ಹಿಡಿಯುತ್ತಿದ್ದ ಕಾಲದಲ್ಲಿ, 1994ರಲ್ಲಿ, ಯಾವ ಬಗೆಯ ಕಡತ ಯಾವ ಕೋಶದಲ್ಲಿರಬೇಕೆಂಬ ಮಾನಕವೊಂದು ಹೊರಬಂದಿತು. ಇಟಿಸಿ ಕೋಶದ ಈ ಸ್ಥಾನವು ಅದರಿಂದ ಇನ್ನಷ್ಟು ಗಟ್ಟಿಯಾಯಿತು. ಸರ್ವರ್ ತಂತ್ರಾಂಶವು ಮೊದಲು ನೋಡಬೇಕಾದುದು ಇಲ್ಲಿಯೇ. ಯಂತ್ರವನ್ನು ನೋಡಿಕೊಳ್ಳುವವರು ಬದಲಾಗುತ್ತಾರೆ, ವರ್ಗಾವಣೆಯಾಗಿ ಹೋಗುತ್ತಾರೆ. ಹೊಸದಾಗಿ ಬಂದವರು ಯಾರನ್ನೂ ಕೇಳದೆ ಹೋಗಿ ನೋಡಬಹುದಾದ ಸ್ಥಳವೊಂದು ಇರಬೇಕಲ್ಲವೆ?

ನೋಡಬಾರದ ಸ್ಥಳಗಳೂ ಇವೆ. ತಂತ್ರಾಂಶವನ್ನು ಆರಂಭಿಸಿದಾಗ ನಾವು ಯಾವ ಕೋಶದಲ್ಲಿ ನಿಂತಿದ್ದೆವೋ ಆ ಕೋಶದಲ್ಲಿ ಸಂರಚನಾ ಕಡತವನ್ನು ಹುಡುಕುವ ಅಭ್ಯಾಸವು ಕೆಲವು ತಂತ್ರಾಂಶಗಳಿಗಿದೆ. ಕಲಿಯುವವರಿಗೆ ಇದು ಸುಲಭವೆಂದು ಕಂಡರೂ ಸರ್ವರ್‌ಗೆ ಸಲ್ಲದು. ಕೈಯಿಂದ ಆರಂಭಿಸಿದಾಗ ನಾವಿದ್ದುದು ಒಂದು ಕೋಶ. ಯಂತ್ರವು ಚಾಲೂ ಆಗುವಾಗ ಸಿಸ್ಟಮ್‌ಡಿ ಅದನ್ನು ತಾನಾಗಿ ಆರಂಭಿಸಿದರೆ, ಬೇರೆ ಸೂಚನೆಯಿಲ್ಲದಿರುವಾಗ, ಅದು ನಿಲ್ಲುವುದು ಮೂಲಕೋಶದಲ್ಲಿ. ಒಂದೇ ತಂತ್ರಾಂಶವು ಮಧ್ಯಾಹ್ನ ಒಂದು ಬಗೆಯಾಗಿಯೂ ಮರುದಿನ ಬೆಳಗ್ಗೆ ಇನ್ನೊಂದು ಬಗೆಯಾಗಿಯೂ ವರ್ತಿಸುವುದಕ್ಕೆ ಇದು ಸಾಕು. ಬಳಕೆದಾರರ ಮನೆಕೋಶದಲ್ಲಿ ಹುಡುಕುವುದಕ್ಕೂ ಇದೇ ಆಕ್ಷೇಪವು ಅನ್ವಯಿಸುತ್ತದೆ. ಸರ್ವರ್ ಯಂತ್ರಕ್ಕೆ ಸೇರಿದ್ದೇ ಹೊರತು ಅದನ್ನು ಆರಂಭಿಸಿದ ವ್ಯಕ್ತಿಗೆ ಸೇರಿದ್ದಲ್ಲ. ಪರಿಸರ ಚರಗಳ ಮೂಲಕ ಸ್ಥಳವನ್ನು ಸೂಚಿಸುವ ಪದ್ಧತಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಪರಿಸರ ಚರವು ಕಣ್ಣಿಗೆ ಬೀಳುವುದಿಲ್ಲ, ಕೈಯಿಂದ ಆರಂಭಿಸಿದಾಗ ಇದ್ದದ್ದು ತಾನಾಗಿ ಆರಂಭವಾದಾಗ ಇರುವುದೂ ಇಲ್ಲ.

ಸ್ಥಳದ ಆಯ್ಕೆಯು ಸುರಕ್ಷತೆಯ ಪ್ರಶ್ನೆಯೂ ಹೌದು ಎಂಬುದಕ್ಕೆ ಒಂದು ನಿದರ್ಶನವನ್ನು ತರಗತಿಯಲ್ಲಿ ಹೇಳಬಹುದು. ಗೂಢಲಿಪಿಯ ಕೆಲಸಕ್ಕಾಗಿ ಲೋಕದಾದ್ಯಂತ ಬಳಕೆಯಲ್ಲಿರುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಕೆಲವು ವಿಂಡೋಸ್ ರೂಪಗಳು ಲಿನಕ್ಸಿನ ರೂಢಿಯಂತೆ ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಕೋಶದಲ್ಲಿ ತಮ್ಮ ಕಡತವನ್ನು ಹುಡುಕುತ್ತಿದ್ದವು. ಲಿನಕ್ಸಿನಲ್ಲಿ ಆ ಕೋಶದೊಳಗೆ ಬರೆಯಲು ಆಡಳಿತಾಧಿಕಾರ ಬೇಕು. ವಿಂಡೋಸಿನಲ್ಲಿ ಅದೇ ದಾರಿಯು ಸಿ ಡ್ರೈವಿನ ಕೆಳಗಿನ ಒಂದು ಸಾಮಾನ್ಯ ಕೋಶವಾಗುತ್ತದೆ. ಅಲ್ಲಿ ಅಧಿಕಾರವಿಲ್ಲದ ಬಳಕೆದಾರನೂ ಬರೆಯಲು ಸಾಧ್ಯವಾಗಬಹುದು. ಅಂಥವನು ಅಲ್ಲಿ ತನ್ನದೇ ಕಡತವನ್ನು ಇಟ್ಟರೆ ತಂತ್ರಾಂಶವು ಅದನ್ನೇ ನಂಬಿ ಓದುತ್ತಿತ್ತು. 2019ರಲ್ಲಿ ಈ ದೋಷವನ್ನು ಪ್ರಕಟವಾಗಿ ಒಪ್ಪಿಕೊಂಡು ಸರಿಪಡಿಸಲಾಯಿತು. ಹುಡುಕುವ ಪಟ್ಟಿಯಲ್ಲಿ ಒಂದು ಸ್ಥಳವನ್ನು ಸೇರಿಸುವುದೆಂದರೆ ಆ ಸ್ಥಳದಲ್ಲಿ ಬರೆಯಬಲ್ಲವರೆಲ್ಲರಿಗೂ ಸರ್ವರಿನ ಮೇಲೆ ಅಧಿಕಾರ ಕೊಟ್ಟಂತೆ.

ಒಂದಕ್ಕಿಂತ ಹೆಚ್ಚು ಕಡತಗಳಿದ್ದಾಗ

ಹಲವು ಸರ್ವರ್‌ಗಳು ಒಂದೇ ಕಡತವನ್ನು ಓದಿ ನಿಲ್ಲಿಸುವುದಿಲ್ಲ. ಲಿನಕ್ಸಿನಲ್ಲಿ ಮೈಎಸ್‌ಕ್ಯುಎಲ್ ಮೊದಲು ಇಟಿಸಿ ಕೋಶದಲ್ಲಿರುವ ‘ಮೈ ಡಾಟ್ ಸಿಎನ್‌ಎಫ್’ ಕಡತವನ್ನೂ, ಅನಂತರ ಇಟಿಸಿಯ ಒಳಗಿನ ‘ಮೈಎಸ್‌ಕ್ಯುಎಲ್’ ಕೋಶದಲ್ಲಿ ಅದೇ ಹೆಸರಿನ ಕಡತವನ್ನೂ, ಮುಂದೆ ಇನ್ನೂ ಕೆಲವು ಸ್ಥಳಗಳನ್ನೂ ನೋಡಿ, ಕೊನೆಯ ಭಾಗದಲ್ಲಿ ಬಳಕೆದಾರರ ಮನೆಕೋಶಕ್ಕೆ ಬರುತ್ತದೆ. ಎರಡು ಕಡೆ ಒಂದೇ ವಿಷಯಕ್ಕೆ ಬೇರೆ ಬೇರೆ ಬೆಲೆಗಳಿದ್ದರೆ ಕೊನೆಗೆ ಓದಿದ್ದು ಊರ್ಜಿತವಾಗುತ್ತದೆ.

ಶಾಲೆಯ ಆಡಳಿತವನ್ನು ಬಲ್ಲವರಿಗೆ ಇದು ಹೊಸತಲ್ಲ. ಇಲಾಖೆಯ ಸಾಮಾನ್ಯ ಸುತ್ತೋಲೆ ಬರುತ್ತದೆ, ಅದರ ಮೇಲೆ ತಿದ್ದುಪಡಿ ಬರುತ್ತದೆ, ಕೊನೆಗೆ ಬಂದುದರಂತೆ ನಡೆಯುತ್ತೇವೆ. ವ್ಯಾಕರಣ ಕಲಿಸುವವರಿಗೆ ಇನ್ನೂ ಹತ್ತಿರದ ಹೋಲಿಕೆಯಿದೆ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸಮಬಲವುಳ್ಳ ಎರಡು ಸೂತ್ರಗಳು ಒಂದೇ ಕಡೆ ಪ್ರವರ್ತಿಸಲು ಹೊರಟರೆ ಪಾಠಕ್ರಮದಲ್ಲಿ ಮುಂದೆ ಬಂದ ಸೂತ್ರವೇ ನಿಲ್ಲಬೇಕೆಂಬ ನಿಯಮವಿದೆ. ಉತ್ಸರ್ಗವನ್ನು ಅಪವಾದವು ಬಾಧಿಸುವುದೂ ನಮಗೆ ತಿಳಿದದ್ದೇ. ಕ್ರಮವನ್ನು ಮೊದಲೇ ಹೇಳಿಬಿಟ್ಟರೆ ಘರ್ಷಣೆಯು ಗೊಂದಲವಾಗಿ ಉಳಿಯುವುದಿಲ್ಲವೆಂಬ ತಿಳಿವಳಿಕೆ ಎರಡೂ ಕಡೆ ಒಂದೇ.

ಆದರೆ ಕ್ರಮವು ಎಲ್ಲ ತಂತ್ರಾಂಶಗಳಲ್ಲಿಯೂ ಒಂದೇ ಅಲ್ಲವೆಂಬುದನ್ನು ಅಧ್ಯಾಪಕರು ಒತ್ತಿ ಹೇಳಬೇಕು. ದೂರದ ಯಂತ್ರದೊಳಗೆ ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಬೆಲೆಯೇ ನಿಲ್ಲುತ್ತದೆ, ಅನಂತರ ಸಿಕ್ಕಿದ್ದು ಬಿದ್ದುಹೋಗುತ್ತದೆ. ಮೈಎಸ್‌ಕ್ಯುಎಲ್‌ನ ಅಭ್ಯಾಸದಲ್ಲಿ ಕಡತದ ತುದಿಗೆ ಹೊಸ ಸಾಲನ್ನು ಸೇರಿಸಿದವರು ಅದು ಏಕೆ ಜಾರಿಯಾಗಲಿಲ್ಲವೆಂದು ಇಲ್ಲಿ ಬೆರಗಾಗುತ್ತಾರೆ. ಮೈಎಸ್‌ಕ್ಯುಎಲ್‌ನಲ್ಲಿಯೂ ಒಂದು ಅಪವಾದವಿದೆ. ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ನಡೆಯಬೇಕೆಂಬ ಒಂದು ವಿಷಯದಲ್ಲಿ ಮಾತ್ರ ಅದು ಮೊದಲು ಓದಿದುದನ್ನೇ ಹಿಡಿಯುತ್ತದೆ. ಇಟಿಸಿಯಲ್ಲಿ ಆಡಳಿತಗಾರರು ಬರೆದುದನ್ನು ಆಮೇಲೆ ಬಂದವರು ಮೀರಬಾರದೆಂಬ ಎಚ್ಚರವೇ ಇದಕ್ಕೆ ಕಾರಣ. ಮೊದಲು ಬಂದದ್ದು ನಿಲ್ಲಬೇಕೆ, ಕೊನೆಗೆ ಬಂದದ್ದು ನಿಲ್ಲಬೇಕೆ ಎಂಬುದಕ್ಕೆ ಎರಡು ಕಡೆಯೂ ಸಮರ್ಥನೆಯಿದೆ. ಸಮರ್ಥಿಸಲಾಗದ್ದು ಕ್ರಮವನ್ನೇ ಹೇಳದಿರುವುದು. ಒಂದು ಕೋಶದೊಳಗಿನ ಎಲ್ಲ ಚಿಕ್ಕ ಕಡತಗಳನ್ನೂ ಸೇರಿಸಿಕೊಳ್ಳುವ ಸೌಲಭ್ಯವು ಮೈಎಸ್‌ಕ್ಯುಎಲ್‌ನಲ್ಲಿದೆ. ಆದರೆ ಅವುಗಳನ್ನು ಯಾವ ಕ್ರಮದಲ್ಲಿ ಓದುತ್ತೇನೆಂಬುದಕ್ಕೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಇದು ನನಗೆ ಒಪ್ಪಿಗೆಯಾಗದ ಸಂಗತಿ. ಸಿಸ್ಟಮ್‌ಡಿ ಇಂಥ ಕಡತಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಓದುತ್ತದೆ. ಆದುದರಿಂದಲೇ ಅವುಗಳ ಹೆಸರಿನ ಮೊದಲಿಗೆ 10, 50, 90 ಎಂಬಂತೆ ಅಂಕಿಗಳನ್ನು ಹಾಕುವ ರೂಢಿ ಬೆಳೆದಿದೆ.

ಎಂಟು ಪ್ರಶ್ನಾರ್ಥಕ ಚಿಹ್ನೆಗಳು

ಇಷ್ಟೆಲ್ಲ ಸೂಕ್ಷ್ಮಗಳು ಕನ್ನಡ ಅಧ್ಯಾಪಕರಿಗೆ ಏತಕ್ಕೆಂದು ಕೇಳಬಹುದು. ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಒಂದು ಶಾಲೆಯ ಲ್ಯಾಬಿನಲ್ಲಿ ಮೈಎಸ್‌ಕ್ಯುಎಲ್‌ನ ಹಳೆಯ ಆವೃತ್ತಿಯಿದೆ. ಅಧ್ಯಾಪಕರು ಮಕ್ಕಳ ಹೆಸರುಗಳನ್ನು ಕನ್ನಡದಲ್ಲಿಯೇ ದಾಖಲಿಸಬೇಕೆಂದು ನಿಶ್ಚಯಿಸಿದ್ದಾರೆ. 2018ರಲ್ಲಿ ಹೊರಬಂದ 8.0 ಆವೃತ್ತಿಗಿಂತ ಹಿಂದಿನ ಮೈಎಸ್‌ಕ್ಯುಎಲ್‌ಗೆ ಯಾರೂ ಏನನ್ನೂ ಹೇಳದಿದ್ದರೆ ಅದು ಹಿಡಿಯುವುದು ಲ್ಯಾಟಿನ್-1 ಅಕ್ಷರಸಮೂಹವನ್ನು. ಅದರಲ್ಲಿ ಪಶ್ಚಿಮ ಯೂರೋಪಿನ ಅಕ್ಷರಗಳಿವೆಯೇ ಹೊರತು ಕನ್ನಡದ ಒಂದಕ್ಷರವೂ ಇಲ್ಲ. ಇದನ್ನು ಬಲ್ಲ ಅಧ್ಯಾಪಕರು ಸಂರಚನಾ ಕಡತದಲ್ಲಿ ಯುಟಿಎಫ್-8 ಬಳಸಬೇಕೆಂಬ ಸಾಲನ್ನು ಬರೆಯುತ್ತಾರೆ. ಉಳಿಸಹೋದಾಗ ಅನುಮತಿಯಿಲ್ಲವೆಂದು ಯಂತ್ರವು ತಡೆಯುತ್ತದೆ. ಹೇಗಾದರಾಗಲಿ ಎಂದು ಆಡಳಿತಾಧಿಕಾರವಿದ್ದವರಿಂದ ಆ ಕಡತಕ್ಕೆ ಎಲ್ಲರೂ ಬರೆಯಬಹುದೆಂಬ ಅನುಮತಿಯನ್ನು ಕೊಡಿಸಿ, ಸಾಲನ್ನು ಉಳಿಸಿ, ಸರ್ವರನ್ನು ಪುನಃ ಆರಂಭಿಸುತ್ತಾರೆ. ಯಾವ ದೋಷವೂ ಪರದೆಯ ಮೇಲೆ ಕಾಣುವುದಿಲ್ಲ. ಹೊಸ ದತ್ತಸಂಚಯವನ್ನು ರಚಿಸಿ ಹೆಸರುಗಳನ್ನು ತುಂಬುತ್ತಾರೆ.

ಮರುದಿನ ತೆರೆದು ನೋಡಿದರೆ ‘ರಾಮಚಂದ್ರ’ ಇದ್ದಲ್ಲಿ ಎಂಟು ಪ್ರಶ್ನಾರ್ಥಕ ಚಿಹ್ನೆಗಳು. ‘ವಿಶ್ವನಾಥ’ ಇದ್ದಲ್ಲಿಯೂ ಎಂಟು.

ನಡೆದದ್ದು ಇಷ್ಟು. ಎಲ್ಲರೂ ಬರೆಯಬಹುದಾದ ಸಂರಚನಾ ಕಡತವನ್ನು ಮೈಎಸ್‌ಕ್ಯುಎಲ್ ನಂಬುವುದಿಲ್ಲ. ಅದನ್ನು ಓದದೆ ಬಿಟ್ಟು ಮುಂದುವರಿಯುತ್ತದೆ. ಇದು ದೋಷವಲ್ಲ, ಸುರಕ್ಷತೆಗಾಗಿ ಬೇಕೆಂದೇ ಮಾಡಿದ ಏರ್ಪಾಡು. ಆದರೆ ಬಿಟ್ಟಿದ್ದೇನೆಂಬ ಮಾತನ್ನು ಅದು ಒಂದು ಸಾಲಿನ ಎಚ್ಚರಿಕೆಯಲ್ಲಿ ಮಾತ್ರ ಹೇಳುತ್ತದೆ. ಹಿನ್ನೆಲೆಯಲ್ಲಿ ಆರಂಭವಾದ ಸರ್ವರಿನ ಆ ಸಾಲನ್ನು ಓದುವವರು ಯಾರು? ಕಡತವು ಕೈಬಿಟ್ಟುಹೋದದ್ದರಿಂದ ಕೋಷ್ಟಕಗಳು ಲ್ಯಾಟಿನ್-1ರಲ್ಲಿ ರಚನೆಯಾದವು. ತುಂಬುವ ತಂತ್ರಾಂಶವು ಯೂನಿಕೋಡಿನಲ್ಲಿ ಕಳುಹಿಸಿದ ಪ್ರತಿಯೊಂದು ಸಂಕೇತಕ್ಕೂ ಸರ್ವರ್ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದುಕೊಂಡಿತು. ಕಟ್ಟುನಿಟ್ಟಿನ ವಿಧಾನವು ತಾನಾಗಿ ಜಾರಿಯಲ್ಲಿರುವ ಆವೃತ್ತಿಗಳಾದರೆ ಈ ಹಂತದಲ್ಲಿ ದೋಷವನ್ನು ಹೇಳಿ ನಿಲ್ಲುತ್ತವೆ. ಅದಕ್ಕೂ ಹಿಂದಿನವು ಹಾಗೆಯೇ ನುಂಗಿಕೊಳ್ಳುತ್ತಿದ್ದವು.

ಚಿಹ್ನೆಗಳು ಎಂಟೇ ಏಕೆ ಎಂಬುದನ್ನು ಮಕ್ಕಳಿಂದಲೇ ಎಣಿಸಿ ಕಂಡುಕೊಳ್ಳುವಂತೆ ಮಾಡಬಹುದು. ರ, ದೀರ್ಘದ ಚಿಹ್ನೆ, ಮ, ಚ, ಅನುಸ್ವಾರ, ದ, ವಿರಾಮ, ರ. ನಾವು ನಾಲ್ಕು ಅಕ್ಷರವೆಂದು ಓದುವ ಹೆಸರು ಯೂನಿಕೋಡಿನಲ್ಲಿ ಎಂಟು ಸಂಕೇತಗಳು. ಕಾಗುಣಿತದ ಮತ್ತು ಒತ್ತಕ್ಷರದ ಪಾಠಕ್ಕೂ ಇದು ಒದಗಿಬರುತ್ತದೆ.

ಹೀಗೆ ಹೋದ ಹೆಸರು ಹಿಂದಿರುಗುವುದಿಲ್ಲ. ಅಕ್ಷರಗಳು ತಪ್ಪಾಗಿ ಕಾಣುತ್ತಿರುವುದಲ್ಲ, ಕಡತದಲ್ಲಿ ಉಳಿದಿರುವುದೇ ಪ್ರಶ್ನಾರ್ಥಕ ಚಿಹ್ನೆ. ರಾಮಚಂದ್ರನೂ ವಿಶ್ವನಾಥನೂ ಯಂತ್ರದ ಪಾಲಿಗೆ ಒಂದೇ ಆಗಿದ್ದಾರೆ. ಸಂರಚನಾ ಕಡತವನ್ನು ಈಗ ಸರಿಪಡಿಸಿದರೂ ಅದು ಮುಂದೆ ರಚಿಸುವ ದತ್ತಸಂಚಯಗಳಿಗೆ ಅನ್ವಯಿಸುತ್ತದೆಯೇ ಹೊರತು ಈಗಾಗಲೇ ರಚಿಸಿದ ಕೋಷ್ಟಕಗಳನ್ನು ಮುಟ್ಟುವುದಿಲ್ಲ. ಕಾಗದದ ದಾಖಲಾತಿ ಪುಸ್ತಕವನ್ನು ತೆರೆದಿಟ್ಟುಕೊಂಡು ಮೊದಲಿನಿಂದ ತುಂಬುವುದೊಂದೇ ದಾರಿ. ಗಡಿನಾಡಿನಲ್ಲಿ ಮಗುವಿನ ಹೆಸರು ಕನ್ನಡ ಲಿಪಿಯಲ್ಲಿಯೇ ಉಳಿಯುವ ಕಡೆಗಳು ಶಾಲೆಯ ಹೊರಗೆ ಹೆಚ್ಚಿಲ್ಲವಾದುದರಿಂದ ಈ ಒಂದು ಸಾಲಿನ ಎಚ್ಚರಿಕೆಯು ನಮಗೆ ಇತರರಿಗಿಂತ ಹೆಚ್ಚು ಮುಖ್ಯವಾಗುತ್ತದೆ.

ಓಪನ್‌ಎಸ್‌ಎಸ್‌ಎಚ್‌ನ ಬಳಕೆದಾರರ ಕಡೆಯ ತಂತ್ರಾಂಶವು ಇಂಥದೇ ಸಂದರ್ಭದಲ್ಲಿ ನಡೆದುಕೊಳ್ಳುವ ರೀತಿ ಬೇರೆ. ಮನೆಕೋಶದಲ್ಲಿರುವ ಅದರ ಸಂರಚನಾ ಕಡತಕ್ಕೆ ಇತರರೂ ಬರೆಯಬಹುದಾದರೆ, ಕಡತದ ಒಡೆತನ ಅಥವಾ ಅನುಮತಿ ಸರಿಯಿಲ್ಲವೆಂದು ಹೇಳಿ ಅದು ಕೆಲಸವನ್ನೇ ನಿಲ್ಲಿಸುತ್ತದೆ. ಎರಡರಲ್ಲಿ ಇದೇ ಮೇಲೆಂದು ನನ್ನ ಅಭಿಪ್ರಾಯ. ನಂಬಲಾಗದ ಆದೇಶವನ್ನು ಬದಿಗಿಟ್ಟು ತನಗೆ ತೋಚಿದಂತೆ ನಡೆಯುವ ಸರ್ವರಿಗಿಂತ ಆರಂಭವಾಗಲು ಒಪ್ಪದ ಸರ್ವರ್ ಲೇಸು. ಅದರಿಂದಾಗುವ ಹಾನಿ ಅರ್ಧ ಗಂಟೆಯದು.

ಓದಿದುದನ್ನು ಹೇಳುವುದು

ಕಡತವು ಸಿಗದಿದ್ದಾಗ ಏನು ಮಾಡಬೇಕು? ಇಲ್ಲಿ ಎರಡು ಸ್ಥಿತಿಗಳನ್ನು ಬೇರ್ಪಡಿಸಬೇಕು. ರೂಢಿಯ ಸ್ಥಳಗಳಲ್ಲಿ ಒಂದರಲ್ಲಿ ಕಡತವಿಲ್ಲದಿದ್ದರೆ ಮುಂದಿನ ಸ್ಥಳಕ್ಕೆ ಹೋಗುವುದು ಸಹಜ. ಆದರೆ ಇಂಥದೇ ಕಡತವನ್ನು ಓದು ಎಂದು ಆಜ್ಞೆಯಲ್ಲಿಯೇ ಹೇಳಿದ್ದು, ಅದು ಇಲ್ಲದಿದ್ದರೆ, ಮುಂದುವರಿಯಕೂಡದು. ಮೈಎಸ್‌ಕ್ಯುಎಲ್ ಈ ಭೇದವನ್ನು ಸರಿಯಾಗಿ ಪಾಲಿಸುತ್ತದೆ. ‘ಡೀಫಾಲ್ಟ್ಸ್-ಫೈಲ್’ ಎಂಬ ಸೂಚನೆಯೊಡನೆ ಹೆಸರಿಸಿದ ಕಡತವನ್ನು ಮಾತ್ರ ಓದಿ, ಅದು ಸಿಗದಿದ್ದರೆ ದೋಷವನ್ನು ಹೇಳಿ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ ಇನ್ನೂ ನಿಷ್ಠುರ. ಎಲ್ಲಿದೆಯೆಂದು ಯಾರೂ ಹೇಳದಿದ್ದರೆ ಅದು ಊಹಿಸುವುದೇ ಇಲ್ಲ. ತನ್ನ ಸಂರಚನಾ ಕಡತವೆಲ್ಲಿದೆಯೆಂದು ತನಗೆ ತಿಳಿಯದೆಂದು ಒಪ್ಪಿಕೊಂಡು, ತಿಳಿಸುವ ವಿಧಾನಗಳನ್ನೂ ಅದೇ ಸಂದೇಶದಲ್ಲಿ ಹೇಳಿ ನಿಲ್ಲುತ್ತದೆ. ದೋಷಸಂದೇಶ ಹೇಗಿರಬೇಕೆಂಬುದಕ್ಕೆ ಇದನ್ನು ಮಾದರಿಯಾಗಿ ತೋರಿಸಬಹುದು.

ಯಾವ ಕಡತದಿಂದ ಯಾವ ಬೆಲೆ ಬಂದಿತೆಂಬುದನ್ನು ಕೇಳಿದವರಿಗೆ ಹೇಳುವ ಗುಣದಲ್ಲಿಯೂ ಪೋಸ್ಟ್‌ಗ್ರೆಸ್‌ಕ್ಯುಎಲ್ ಮುಂದಿದೆ. ‘ಪಿಜಿ ಸೆಟ್ಟಿಂಗ್ಸ್’ ಎಂಬ ನೋಟದಲ್ಲಿ ಸಂರಚನಾ ಕಡತದಿಂದ ಬಂದ ಪ್ರತಿಯೊಂದು ಬೆಲೆಯ ಜೊತೆಗೆ ಕಡತದ ಹೆಸರೂ ಸಾಲಿನ ಸಂಖ್ಯೆಯೂ ಆಡಳಿತಗಾರರಿಗೆ ಕಾಣುತ್ತವೆ. ಮೈಎಸ್‌ಕ್ಯುಎಲ್ ಸರ್ವರಿನ ‘ವರ್ಬೋಸ್’ ಮತ್ತು ‘ಹೆಲ್ಪ್’ ಸೂಚನೆಗಳನ್ನು ಒಟ್ಟಿಗೆ ಕೊಟ್ಟರೆ ಅದು ಹುಡುಕುವ ಕಡತಗಳ ಪಟ್ಟಿಯು ಕ್ರಮವಾಗಿ ಬರುತ್ತದೆ. ಪಿಎಚ್‌ಪಿ ಬಳಸುವವರು ‘ಪಿಎಚ್‌ಪಿಇನ್ಫೊ’ ಪುಟದಲ್ಲಿ ಓದಲಾದ ಕಡತದ ಪೂರ್ಣ ದಾರಿಯನ್ನು ಕಾಣಬಹುದು. ನಾನು ಬದಲಾಯಿಸಿದರೂ ಏನೂ ಆಗುತ್ತಿಲ್ಲ ಎನ್ನುವವರಿಗೆ ಕೊಡಬೇಕಾದ ಮೊದಲ ಸಲಹೆ ಇದು: ಕಡತವನ್ನು ಮತ್ತೆ ಮತ್ತೆ ತಿದ್ದುವ ಮೊದಲು ಸರ್ವರ್ ಓದುತ್ತಿರುವುದು ಅದನ್ನೇ ಎಂಬುದನ್ನು ಅದರ ಬಾಯಿಂದಲೇ ಕೇಳಿ. ವಿಂಡೋಸ್ ಯಂತ್ರವಾದರೆ ನೋಟ್‌ಪ್ಯಾಡ್ ಹೆಸರಿನ ತುದಿಗೆ ತಾನಾಗಿ ಟಿಎಕ್ಸ್‌ಟಿ ಸೇರಿಸಿದೆಯೋ ಎಂಬುದನ್ನೂ ನೋಡಬೇಕು. ಕಣ್ಣಿಗೆ ಕಾಣದ ಆ ಬಾಲದಿಂದ ಹಾಳಾದ ಸಂಜೆಗಳು ಹಲವು.

ನಡೆಯುತ್ತಿರುವ ಸರ್ವರಿಗೆ ಹೊಸ ಸಂರಚನೆಯನ್ನು ಓದಿಸುವಾಗ ಎಂಜಿನ್‌ಎಕ್ಸ್‌ನ ಪದ್ಧತಿಯು ಅನುಸರಣೀಯವಾದುದು. ಮರು ಓದುವಂತೆ ಹೇಳಿದಾಗ ಅದು ಮೊದಲು ಹೊಸ ಕಡತವನ್ನು ಪರೀಕ್ಷಿಸುತ್ತದೆ. ತಪ್ಪಿದ್ದರೆ ಹೊಸತನ್ನು ಕೈಬಿಟ್ಟು ಹಳೆಯ ಸಂರಚನೆಯಲ್ಲಿಯೇ ಕೆಲಸವನ್ನು ಮುಂದುವರಿಸುತ್ತದೆ. ಅತ್ತ ಪುಟ ನೋಡುತ್ತಿರುವವರಿಗೆ ಏನೂ ತಿಳಿಯುವುದಿಲ್ಲ. ‘ಟಿ’ ಎಂಬ ಸೂಚನೆಯಿಂದ ನಾವೇ ಮುಂಚಿತವಾಗಿ ಪರೀಕ್ಷಿಸಲೂ ಬರುತ್ತದೆ.

ತರಗತಿಯಲ್ಲಿ

ಯಂತ್ರವಿಲ್ಲದೆಯೂ ಈ ಪಾಠವನ್ನು ಮಾಡಲು ಬರುತ್ತದೆ. ಮೂರು ಲಕೋಟೆಗಳನ್ನು ಕಚೇರಿಯ ಸೂಚನಾಫಲಕ, ಅಧ್ಯಾಪಕರ ಕೊಠಡಿಯ ಬಾಗಿಲು ಮತ್ತು ತರಗತಿಯ ಗೋಡೆಯ ಮೇಲೆ ಅಂಟಿಸಬೇಕು. ಪ್ರತಿಯೊಂದರಲ್ಲಿಯೂ ‘ಆಟದ ಅವಧಿ 40 ನಿಮಿಷ’, ‘ಪ್ರಾರ್ಥನೆಗೆ ಮುಂದಾಳು ಒಂಬತ್ತನೆಯ ತರಗತಿ’ ಎಂಬಂಥ ನಾಲ್ಕೈದು ಸಾಲುಗಳಿರಲಿ. ಕೆಲವು ಸಾಲುಗಳು ಒಂದಕ್ಕೊಂದು ವಿರುದ್ಧವಾಗಿರಲಿ. ಸರ್ವರ್ ಆಗಿ ನಿಂತ ವಿದ್ಯಾರ್ಥಿನಿಯು ಹೇಳಿದ ಕ್ರಮದಲ್ಲಿ ಮೂರನ್ನೂ ಓದಿ, ಊರ್ಜಿತವಾದ ಬೆಲೆಯನ್ನೂ ಅದು ಬಂದ ಲಕೋಟೆಯನ್ನೂ ಕರಿಹಲಗೆಯ ಮೇಲೆ ಬರೆಯಬೇಕು. ಮೊದಲ ಸುತ್ತಿನಲ್ಲಿ ಕೊನೆಯದು ನಿಲ್ಲುತ್ತದೆಂದೂ ಎರಡನೆಯದರಲ್ಲಿ ಮೊದಲನೆಯದು ನಿಲ್ಲುತ್ತದೆಂದೂ ನಿಯಮವಿರಲಿ. ಅದೇ ಲಕೋಟೆಗಳಿಂದ ಬೇರೆಯೇ ಶಾಲೆ ಮೂಡಿಬರುವುದನ್ನು ಮಕ್ಕಳು ಕಾಣುತ್ತಾರೆ.

ಮೂರನೆಯ ಸುತ್ತಿಗೆ ಮುನ್ನ, ಯಾರಿಗೂ ಹೇಳದೆ, ಒಂದು ಲಕೋಟೆಯನ್ನು ತೆಗೆದಿಡಬೇಕು. ರೂಢಿಯ ಸ್ಥಳದಲ್ಲಿ ಇರದಿದ್ದರೆ ಆಕೆ ಮುಂದೆ ಹೋಗಬಹುದು. ‘ಕಚೇರಿಯ ಲಕೋಟೆಯನ್ನೇ ಓದಿ ಬಾ’ ಎಂದು ಕಳುಹಿಸಿದ್ದರೆ ಬರಿಗೈಯಲ್ಲಿ ಬಂದು ‘ಇಲ್ಲ’ ಎನ್ನಬೇಕು. ಇದನ್ನು ಹೆಚ್ಚಿನ ಮಕ್ಕಳು ತಾವಾಗಿ ಹೇಳುತ್ತಾರೆ. ಚರ್ಚೆಗೆ ಎಡೆಯಾಗುವುದು ನಾಲ್ಕನೆಯ ಸುತ್ತು. ಲಕೋಟೆಯೊಂದರಲ್ಲಿ ‘ಆಟದ ಅವದಿ 60 ನಿಮಿಷ’ ಎಂದು ತಪ್ಪು ಕಾಗುಣಿತದಲ್ಲಿ ಬರೆದಿಡಬೇಕು. ‘ಅವಧಿ’ ಎಂದೇ ಇರಬೇಕಿತ್ತು, ನಾವು ಸರಿಪಡಿಸಿ ಓದೋಣ ಎಂದು ಕೆಲವರೂ, ಆ ಸಾಲನ್ನು ಬಿಟ್ಟುಬಿಡೋಣ ಎಂದು ಕೆಲವರೂ ವಾದಿಸುತ್ತಾರೆ. ತನಗೆ ಗೊತ್ತಿಲ್ಲದ ಹೆಸರು ತನ್ನ ಭಾಗದ ಸಾಲಿನಲ್ಲಿ ಕಂಡರೆ ಮೈಎಸ್‌ಕ್ಯುಎಲ್ ಸರ್ವರ್ ಇವೆರಡನ್ನೂ ಮಾಡದೆ, ಆ ಹೆಸರನ್ನು ಹೇಳಿ ಆರಂಭವಾಗಲು ನಿರಾಕರಿಸುತ್ತದೆ. ಬಿಟ್ಟುಬಿಡೋಣ ಎಂದ ಗುಂಪಿಗೆ ರಾಮಚಂದ್ರ ಮತ್ತು ವಿಶ್ವನಾಥರ ಪ್ರಕರಣವನ್ನು ಕೊಟ್ಟು, ಅಲ್ಲಿ ಬಿಟ್ಟುಹೋದದ್ದು ಯಾವುದು, ಅದು ಯಾವಾಗ ತಿಳಿಯಿತು ಎಂಬುದನ್ನು ಬರೆದು ತರಲು ಹೇಳಬಹುದು. ಈ ಭಾಗಕ್ಕೆ ಒಂದು ಅವಧಿ ಸಾಲದು. ಎರಡನ್ನು ಮೀಸಲಿಡುವುದು ಉತ್ತಮ.